ಫಾರ್ಮಕಾಲಜಿ ಅಧ್ಯಾಪಕರು ಕ್ಯಾನ್ಸರ್ ಸಂಶೋಧನೆಗೆ ಇಳಿಯುವುದು ಹೇಗೆ: ಪ್ಲೇಟು, ವಾರ್ಡು, ಕ್ಲಾಸ್‌ರೂಮು

ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ (ಔಷಧಶಾಸ್ತ್ರ) ವಿಭಾಗಕ್ಕೆ ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ಕಿವಿಗೆ ಮೊದಲ ವರ್ಷವೇ ಎರಡು ಬುದ್ಧಿಮಾತು ಬೀಳುತ್ತವೆ. "ಪಾಠ ಮಾಡ್ಕೊಂಡಿರಿ, ರಿಸರ್ಚೆಲ್ಲ ನಮ್ಮಂಥ ಕಾಲೇಜಿಗೆ ಆಗಿಬರೋದಿಲ್ಲ" ಅನ್ನುವುದು ಒಂದು. "ಪ್ರಮೋಷನ್‌ಗೆ ಪೇಪರ್ ಬೇಕಲ್ಲ, ಏನಾದರೂ ಒಂದು ಮಾಡಿ ಮುಗಿಸಿ" ಅನ್ನುವುದು ಇನ್ನೊಂದು. ಎರಡನ್ನೂ ಕೇಳಬೇಡಿ. ಪಾಠವನ್ನೂ ಕ್ಯಾನ್ಸರ್ ಸಂಶೋಧನೆಯನ್ನೂ ಒಟ್ಟಿಗೆ ಹಿಡಿದ ಫಾರ್ಮಕಾಲಜಿ ಮೇಷ್ಟ್ರುಗಳಿಂದಲೇ ಕೀಮೋಥೆರಪಿ ಶುರುವಾದದ್ದು. ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ 1941ರಲ್ಲಿ ಹೊರತಂದ ಪಠ್ಯಪುಸ್ತಕದ ಹೊಸ ಆವೃತ್ತಿಗಳು ಇವತ್ತಿಗೂ ನಮ್ಮ ಲೈಬ್ರರಿಗಳಲ್ಲಿವೆ. ಮರುವರ್ಷ ಅವರೇ ಯುದ್ಧದ ವಿಷಾನಿಲದ ಕುಲದ ನೈಟ್ರೋಜನ್ ಮಸ್ಟರ್ಡನ್ನು ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಇದ್ದ ಇಲಿಗೆ ಕೊಟ್ಟು ನೋಡಿದರು. 1942ರ ಆಗಸ್ಟ್‌ನಲ್ಲಿ ಸರ್ಜನ್ ಗುಸ್ಟಾಫ್ ಲಿಂಡ್‌ಸ್ಕೋಗ್ ಜೊತೆ ಸೇರಿ ಒಬ್ಬ ರೋಗಿಗೂ ಕೊಟ್ಟರು. ಗೆಡ್ಡೆ ಕರಗಿತು, ಆಮೇಲೆ ಮತ್ತೆ ಬಂತು. ಯುದ್ಧಕಾಲದ ಗುಟ್ಟಿನಿಂದಾಗಿ ಆ ಫಲಿತಾಂಶ 1946ರವರೆಗೆ ಅಚ್ಚಾಗಲಿಲ್ಲ.

ಫಾರ್ಮಕಾಲಜಿಯವರಿಗೆ ಸಿಕ್ಕಿರುವ ದೊಡ್ಡ ತರಬೇತಿ ಕಂಟ್ರೋಲ್ ಇಡುವುದು. ಇಷ್ಟು ಡೋಸಿಗೆ ಇಷ್ಟು ಪರಿಣಾಮ ಎಂದು ಯಾರಾದರೂ ಹೇಳಿದರೆ, "ಯಾವುದಕ್ಕೆ ಹೋಲಿಸಿ?" ಎಂದು ಕೇಳುವುದು. ಜೀವಕೋಶ ಬೆಳೆಸುವ ಸೆಲ್ ಕಲ್ಚರ್ ಪ್ಲೇಟಿನಲ್ಲಿ ಕೇಳುವ ಈ ಪ್ರಶ್ನೆಯನ್ನು ವಾರ್ಡಿನಲ್ಲೂ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮುಂದೂ ಕೇಳುತ್ತ ಹೋದರೆ, ಎರಡು ಕೆಲಸ ಒಂದೇ ಆಗುತ್ತವೆ. ಕೆಳಗೆ ಬರೆದಿರುವುದೆಲ್ಲ ಅದನ್ನು ಮಾಡುವ ಬಗೆ.

ದಾರಿ, ಸರ್ಟಿಫಿಕೇಟು

ಎಂಬಿಬಿಎಸ್ ಮುಗಿಸಿದವರಿಗೆ ಮೂರು ವರ್ಷದ ಎಂಡಿ ಫಾರ್ಮಕಾಲಜಿ, ಅದರ ಮೇಲೆ ಬೇಕಿದ್ದರೆ ಮೂರು ವರ್ಷದ ಡಿಎಂ ಕ್ಲಿನಿಕಲ್ ಫಾರ್ಮಕಾಲಜಿ. ಮೆಡಿಕಲ್ ಎಂಎಸ್ಸಿ ಮಾಡಿ ಪಿಎಚ್‌ಡಿ ಮಾಡುವುದು ಇನ್ನೊಂದು ದಾರಿ. ಎಂ.ಫಾರ್ಮ್ ಫಾರ್ಮಕಾಲಜಿ ಮಾಡಿದವರು ಸಾಮಾನ್ಯವಾಗಿ ಫಾರ್ಮಸಿ ಕಾಲೇಜಿಗೆ ಹೋಗುತ್ತಾರೆ. ಎಂಬಿಬಿಎಸ್ ಇಲ್ಲದ ಅಧ್ಯಾಪಕರ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಆಗಾಗ ಬದಲಾಗಿದೆ. ಆದ್ದರಿಂದ ಎಂಎಸ್ಸಿಗೆ ಸೇರುವ ಮೊದಲು ಆಯಾ ವರ್ಷದ ಅಧಿಸೂಚನೆಯನ್ನೇ ಓದಿ, ಸೀನಿಯರ್‌ಗಳ ಮಾತಿನ ಮೇಲೆ ನಿಲ್ಲಬೇಡಿ.

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಎರಡು ಕೋರ್ಸ್ ಮುಗಿಸಿಕೊಳ್ಳಿ: ಬಯೋಮೆಡಿಕಲ್ ರಿಸರ್ಚ್‌ನ ಬೇಸಿಕ್ ಕೋರ್ಸು, ಮೆಡಿಕಲ್ ಎಜುಕೇಷನ್‌ನ ಬೇಸಿಕ್ ಕೋರ್ಸು. ಮೊದಲನೆಯದನ್ನು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆನ್‌ಲೈನ್‌ನಲ್ಲಿ ನಡೆಸುತ್ತದೆ. ಶಿಕ್ಷಣದ ಕಡೆ ಮನಸ್ಸಿದ್ದರೆ ಕೊಯಮತ್ತೂರಿನ ಪಿಎಸ್‌ಜಿ ಮೆಡಿಕಲ್ ಕಾಲೇಜಿನಂಥ ಕಡೆಯ ಫೈಮರ್ ಎಂಬ ವೈದ್ಯಕೀಯ ಶಿಕ್ಷಣದ ಫೆಲೋಶಿಪ್‌ಗೆ ನಾಲ್ಕೈದು ವರ್ಷದ ಪಾಠದ ಅನುಭವ ಆದಮೇಲೆ ಅರ್ಜಿ ಹಾಕಿ. ಅದಕ್ಕೂ ಮುಂಚೆ ಹೋದರೆ ಕೈಯಲ್ಲಿ ಬಗೆಹರಿಸಲು ನಿಮ್ಮದೇ ಆದ ಸಮಸ್ಯೆ ಇರುವುದಿಲ್ಲ.

ಪ್ರಶ್ನೆ ಹುಡುಕುವುದು

ಪಿಜಿ ಥೀಸಿಸ್‌ಗಳಲ್ಲಿ ಪದೇಪದೇ ಕಾಣುವುದು ಒಂದೇ ಸಿದ್ಧ ಅಚ್ಚು: ಒಂದು ಗಿಡದ ಎಲೆ, ಅದರ ಎಥನಾಲ್ ಸಾರ, ಒಂದು ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕೋಶಗಳು), ಒಂದು ಐಸಿ50 (ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ). ಸಿನಾಪ್ಸಿಸ್ ಬರೆಯಲು ಸುಲಭ, ಉಪಯೋಗ ಕಡಿಮೆ. ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಸುರಿದರೆ ಅಡುಗೆಮನೆಯ ಎಷ್ಟೋ ವಸ್ತುಗಳು ಜೀವಕೋಶವನ್ನು ಕೊಲ್ಲುತ್ತವೆ. ಕಚ್ಚಾ ಸಾರಕ್ಕೆ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಬಳಸಿದ ಗೆರೆ ಸುಮಾರು 30 ಮೈಕ್ರೋಗ್ರಾಂ. ಐಸಿ50 ಅದಕ್ಕಿಂತ ಬಹಳ ಮೇಲಿದ್ದರೆ "ಭರವಸೆಯ ಕ್ಯಾನ್ಸರ್ ನಿರೋಧಕ" ಎಂದು ಬರೆಯುವುದು ರೋಗಿಗಳಿಗೆ ಮಾಡುವ ಮೋಸ. ಆ ವಾಕ್ಯ ಪತ್ರಿಕೆಗೆ ಹೋಗಿ, ಅಲ್ಲಿಂದ ವಾಟ್ಸ್ಯಾಪ್‌ಗೆ ಹೋಗಿ, ಕೊನೆಗೆ ಒಬ್ಬರು ಕೀಮೋ ಬಿಟ್ಟು ಕಷಾಯ ಹಿಡಿಯುತ್ತಾರೆ.

ವಿಷಯ ಗೊತ್ತುಮಾಡುವ ಮೊದಲು ನಿಮ್ಮ ಆಸ್ಪತ್ರೆಯ ಕೀಮೋ ಡೇ ಕೇರ್‌ನಲ್ಲಿ ಒಂದು ತಿಂಗಳು, ವಾರಕ್ಕೆ ಎರಡು ಬೆಳಗ್ಗೆ ಕೂತು ನೋಡಿ. ಯಾವ ಔಷಧ ಯಾವ ಕಾರಣಕ್ಕೆ ಮುಂದೂಡಲಾಯಿತು, ಡೋಸ್ ಯಾಕೆ ಇಳಿಸಿದರು, ವಾಂತಿಯ ಮಾತ್ರೆ ಮನೆಗೆ ಹೋದಮೇಲೆ ಯಾರು ತೆಗೆದುಕೊಳ್ಳಲಿಲ್ಲ, ಎಲ್ಲ ಬರೆದುಕೊಳ್ಳಿ. ನಿಮ್ಮ ಊರಿನ ಕಡೆ ಯಾವ ಕ್ಯಾನ್ಸರ್ ಹೆಚ್ಚು ಎಂಬುದಕ್ಕೆ ಕಿದ್ವಾಯಿ ಸಂಸ್ಥೆಯಲ್ಲಿರುವ ಬೆಂಗಳೂರು ಕ್ಯಾನ್ಸರ್ ನೋಂದಣಿಯಂಥ ದಾಖಲೆಗಳ ವರದಿ ನೋಡಿ. ಅಲ್ಲಿ 1982ರಿಂದ ಲೆಕ್ಕ ಇಡುತ್ತ ಬಂದಿದ್ದಾರೆ. ತಿಂಗಳು ಕಳೆಯುವಷ್ಟರಲ್ಲಿ ಮೂರು ಪ್ರಶ್ನೆ ಸಿಕ್ಕಿರುತ್ತವೆ. ಅದರಲ್ಲಿ ಒಂದನ್ನು ಹಿಡಿದು ಐದು ವರ್ಷ ಬಿಡಬೇಡಿ.

ಪ್ಲೇಟಿನ ಕೆಲಸ

ಲ್ಯಾಬಿನ ಸೌಕರ್ಯ ಇದ್ದರೆ, ಅಥವಾ ಪಕ್ಕದ ಸಂಸ್ಥೆಯ ಲ್ಯಾಬ್ ವಾರಕ್ಕೆರಡು ದಿನ ಸಿಕ್ಕರೆ, ಮೊದಲು ಕೈ ಪಳಗಬೇಕಾದದ್ದು ಎಂಟಿಟಿ ಪರೀಕ್ಷೆ. ಟಿಮ್ ಮಾಸ್ಮನ್ 1983ರಲ್ಲಿ ವಿವರಿಸಿದ ವಿಧಾನ ಇದು. ಬದುಕಿರುವ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಬಣ್ಣದ ಫಾರ್ಮಜಾನ್ ಹರಳಾಗಿ ಬದಲಿಸುತ್ತದೆ, ಆ ಬಣ್ಣವನ್ನು ಅಳೆಯುತ್ತೇವೆ.

ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿ. ಸ್ನೇಹಿತರ ಲ್ಯಾಬಿನ ಫ್ಲಾಸ್ಕಿನಿಂದ ಉಚಿತವಾಗಿ ತಂದರೆ ಅದರ ಗುರುತು ಯಾರಿಗೂ ಗೊತ್ತಿರುವುದಿಲ್ಲ. ಬಾಯಿ ಕ್ಯಾನ್ಸರ್ ಎಂದು ಕೆಬಿ ಕೋಶಗಳನ್ನು ಬಳಸಿದ ಪೇಪರುಗಳು ನಮ್ಮ ದೇಶದಲ್ಲೂ ಬೇಕಾದಷ್ಟಿವೆ. ಕೆಬಿ ಎಂದು ಓಡಾಡುತ್ತಿರುವುದು ನಿಜದಲ್ಲಿ ಗರ್ಭಕಂಠದ ಕ್ಯಾನ್ಸರಿನ ಹೀಲಾ ಕೋಶ. ಹೆಪ್-2 ಕೂಡ ಹೀಲಾವೇ. ಸ್ತನ ಕ್ಯಾನ್ಸರ್ ಎಂದು ಹೆಸರಾದ ಎಂಡಿಎ-ಎಂಬಿ-435 ಮೆಲನೋಮಾ ಕೋಶ ಎಂದು ಪತ್ತೆಯಾಗಿದೆ. ತಪ್ಪಾಗಿ ಗುರುತಾದ ಲೈನ್‌ಗಳ ಅಂತಾರಾಷ್ಟ್ರೀಯ ಪಟ್ಟಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಆರ್ಡರ್ ಹಾಕುವ ಮುಂಚೆ ಹತ್ತು ನಿಮಿಷ ನೋಡಿ.

ಬಂದ ಕೋಶಗಳನ್ನು ಬೆಳೆಸಿ ಮೊದಲ ಕೆಲಸವಾಗಿ ಎಂಟು-ಹತ್ತು ವಯಲ್ ಫ್ರೀಜ್ ಮಾಡಿ: ವಯಲ್‌ಗೆ 10 ಲಕ್ಷ ಕೋಶ, ಶೇ. 90 ಸೀರಂ, ಶೇ. 10 ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ), ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸುವುದು. ತಿಂಗಳಿಗೊಮ್ಮೆ ಪಿಸಿಆರ್‌ನಲ್ಲಿ ಮೈಕೋಪ್ಲಾಸ್ಮಾ ಪರೀಕ್ಷೆ ಮಾಡಿಸಿ. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಂ (ಕೋಶ ಬೆಳೆಸುವ ದ್ರವ) ಮೋಡ ಕಟ್ಟಿದಂತಾಗಿ ಕಣ್ಣಿಗೆ ಕಾಣುತ್ತದೆ, ಮೈಕೋಪ್ಲಾಸ್ಮಾ ಕಾಣುವುದಿಲ್ಲ. ಅದಕ್ಕೆ ಸೆಲ್ ವಾಲ್ ಇಲ್ಲ, ಹಾಗಾಗಿ ಮೀಡಿಯಂನಲ್ಲಿರುವ ಪೆನಿಸಿಲಿನ್ ಅದನ್ನು ಮುಟ್ಟುವುದೇ ಇಲ್ಲ. 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಿಬಿಡುತ್ತದೆ. ಎಂಟಿಟಿಯ ಓದನ್ನೇ ಅದು ಕೆಡಿಸುತ್ತದೆ. ಎಷ್ಟೋ ಸಲ ಬರುವುದು ಮನುಷ್ಯರ ಬಾಯಿಯಿಂದ, ಆದ್ದರಿಂದ ಕ್ಯಾಬಿನೆಟ್ ಮುಂದೆ ಕೂತು ಮಾತಾಡುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ.

ಇನ್ನು ಎಣಿಕೆ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಸಮಪ್ರಮಾಣದಲ್ಲಿ ಬೆರೆಸಿ ಹೀಮೋಸೈಟೋಮೀಟರಿನ (ಕೋಶ ಎಣಿಸುವ ಗಾಜಿನ) ನಾಲ್ಕು ಮೂಲೆ ಚೌಕಗಳಲ್ಲಿ ಬಣ್ಣ ಹಿಡಿಯದ ಕೋಶಗಳನ್ನು ಎಣಿಸಿದಿರಿ, 180 ಬಂತು ಎನ್ನಿ. ಸರಾಸರಿ 45, ಬೆರಕೆಗೆ 2ರಿಂದ ಗುಣಿಸಿ, ಮತ್ತೆ 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 9 ಲಕ್ಷ. ವೆಲ್‌ಗೆ (ಪ್ಲೇಟಿನ ಒಂದು ಗುಳಿಗೆ) 100 ಮೈಕ್ರೋಲೀಟರಿನಲ್ಲಿ 5,000 ಕೋಶ ಬೇಕು, ಅಂದರೆ ಮಿಲಿಲೀಟರಿಗೆ 50,000. 96 ವೆಲ್‌ಗಳ ಪ್ಲೇಟಿನಲ್ಲಿ ಒಳಗಿನ 60 ವೆಲ್ ಮಾತ್ರ ಬಳಸಿ. ಅಂಚಿನ 36 ವೆಲ್‌ಗಳಲ್ಲಿ ನೀರು ಬೇಗ ಆರಿ ಓದು ಏರುಪೇರಾಗುತ್ತದೆ, ಅವಕ್ಕೆ ಬರೀ ಬಫರ್ ತುಂಬಿಸಿ. 60 ವೆಲ್‌ಗೆ 6 ಮಿಲಿಲೀಟರ್ ಸಾಕಾದರೂ 8 ಮಾಡಿಕೊಳ್ಳಿ: 0.44 ಮಿಲಿಲೀಟರ್ ಕೋಶದ್ರಾವಣ, ಉಳಿದದ್ದು ಮೀಡಿಯಂ. ಹಾಕುವಾಗ ಪ್ರತಿ ಸಾಲಿಗೊಮ್ಮೆ ಟ್ಯೂಬ್ ಅಲುಗಿಸಿ, ಇಲ್ಲದಿದ್ದರೆ ಕೋಶಗಳು ತಳಕ್ಕೆ ಕೂತು ಕೊನೆಯ ಸಾಲಿಗೆ ದುಪ್ಪಟ್ಟು ಬೀಳುತ್ತವೆ.

ರಾತ್ರಿಯಿಡೀ ಅಂಟಲು ಬಿಟ್ಟು, ಮರುದಿನ ಎರಡು ಪಟ್ಟು ಗಟ್ಟಿಯ ಔಷಧ ದ್ರಾವಣ 100 ಮೈಕ್ರೋಲೀಟರ್ ಹಾಕಿ. ಮಿಲಿಲೀಟರಿಗೆ 100, 30, 10, 3, 1, 0.3 ಮೈಕ್ರೋಗ್ರಾಂ ಹೀಗೆ ಆರು ಡೋಸ್ ಇರಲಿ. ಬಹಳ ಜನ ತಪ್ಪುವುದು ಇಲ್ಲಿ. ಡಿಎಂಎಸ್‌ಒದಲ್ಲಿ ಕರಗಿಸಿದ ಸ್ಟಾಕನ್ನು ಮೀಡಿಯಂನಲ್ಲೇ ಹಂತಹಂತವಾಗಿ ತೆಳು ಮಾಡಿದರೆ ಔಷಧದ ಜೊತೆ ಡಿಎಂಎಸ್‌ಒ ಕೂಡ ಇಳಿಯುತ್ತ ಹೋಗುತ್ತದೆ, ಮೇಲಿನ ಡೋಸಿನಲ್ಲಿ ಕೋಶ ಸತ್ತದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಹಂತಗಳನ್ನು ಡಿಎಂಎಸ್‌ಒದಲ್ಲೇ ಮಾಡಿ, ಆಮೇಲೆ ಪ್ರತಿಯೊಂದನ್ನೂ ಒಂದೇ ಪ್ರಮಾಣದಲ್ಲಿ ಮೀಡಿಯಂಗೆ ಸೇರಿಸಿ. ಎಲ್ಲ ವೆಲ್‌ನಲ್ಲೂ, ವೆಹಿಕಲ್ ಕಂಟ್ರೋಲ್‌ನಲ್ಲೂ (ಔಷಧವಿಲ್ಲದೆ ದ್ರಾವಕ ಮಾತ್ರ ಇರುವ ವೆಲ್), ಡಿಎಂಎಸ್‌ಒ ಶೇ. 0.1 ಇರಲಿ, ಶೇ. 0.5 ದಾಟಬಾರದು.

ಪಾಸಿಟಿವ್ ಕಂಟ್ರೋಲ್ (ಕೋಶ ಕೊಲ್ಲುತ್ತದೆಂದು ಮೊದಲೇ ಗೊತ್ತಿರುವ ಔಷಧ) ಆಗಿ ಸಿಸ್‌ಪ್ಲಾಟಿನ್ ಇಡುವವರು ಅದನ್ನೂ ಡಿಎಂಎಸ್‌ಒದಲ್ಲೇ ಕರಗಿಸಿಬಿಡುತ್ತಾರೆ. ಡಿಎಂಎಸ್‌ಒ ಹೋಗಿ ಪ್ಲಾಟಿನಂಗೆ ಕಚ್ಚಿಕೊಂಡು ಕ್ಲೋರೈಡನ್ನು ಹೊರದೂಡುತ್ತದೆ, ಔಷಧ ನಿಸ್ತೇಜವಾಗುತ್ತದೆ. ಕಂಟ್ರೋಲೇ ಸೋತಾಗ ನಿಮ್ಮ ಸಾರ ಸಿಸ್‌ಪ್ಲಾಟಿನ್‌ಗಿಂತ ಪ್ರಬಲ ಎಂದು ಕಾಣುತ್ತದೆ! ಸಿಸ್‌ಪ್ಲಾಟಿನ್‌ಗೆ ಶೇ. 0.9 ಸೆಲೈನ್ ಬಳಸಿ. ಅದರಲ್ಲಿರುವ ಕ್ಲೋರೈಡ್ ಔಷಧವನ್ನು ಇದ್ದ ಹಾಗೇ ಹಿಡಿದಿಡುತ್ತದೆ.

48 ಅಥವಾ 72 ಗಂಟೆ ಆದಮೇಲೆ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಎಂಟಿಟಿ ದ್ರಾವಣ 20 ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ 37 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ಗಂಟೆ ಇಡಿ. ಮೀಡಿಯಂ ಮೆಲ್ಲಗೆ ತೆಗೆಯಿರಿ, ಟಿಪ್ ತಳಕ್ಕೆ ತಾಗಿದರೆ ಹರಳು ಅದರೊಂದಿಗೇ ಹೋಗುತ್ತದೆ. 100 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ ಹತ್ತು ನಿಮಿಷ ಅಲುಗಿಸಿ, 570 ನ್ಯಾನೋಮೀಟರಿನಲ್ಲಿ ಓದಿ, 630ರ ಓದನ್ನು ಕಳೆಯಿರಿ.

ಗಿಡದ ಸಾರ ಪರೀಕ್ಷಿಸುವವರು ಒಂದು ಸಾಲು ವೆಲ್ ಹೆಚ್ಚಿಗೆ ಇಡಲೇಬೇಕು: ಕೋಶ ಇಲ್ಲ, ಮೀಡಿಯಂ, ಸಾರ ಮತ್ತು ಎಂಟಿಟಿ ಮಾತ್ರ. ಆ ಸಾಲೂ ನೇರಳೆಯಾದರೆ ಸಾರದ ಪಾಲಿಫಿನಾಲ್‌ಗಳೇ ಎಂಟಿಟಿಯನ್ನು ಬದಲಿಸುತ್ತಿವೆ ಎಂದರ್ಥ. ಆಗ ಸಾರವನ್ನು ತೊಳೆದು ತೆಗೆದಮೇಲೆ ಎಂಟಿಟಿ ಹಾಕಿ, ಅಥವಾ ಪ್ರೋಟೀನ್ ಅಳೆಯುವ ಸಲ್ಫೋರೋಡಮಿನ್-ಬಿ ವಿಧಾನಕ್ಕೆ ಹೋಗಿ. ಎಂಟಿಟಿ ಹೇಳುವುದು ಕೋಶದ ಚಯಾಪಚಯದ ಮಟ್ಟ ಮಾತ್ರ; ಕೋಶ ಸತ್ತಿತೋ, ಬೆಳೆಯುವುದನ್ನು ನಿಲ್ಲಿಸಿತೋ ಅದು ಹೇಳುವುದಿಲ್ಲ. ಅದಕ್ಕೆ ಅನೆಕ್ಸಿನ್-ವಿ ಬಣ್ಣ ಹಾಕಿ ಫ್ಲೋ ಸೈಟೋಮೀಟರ್ ನೋಡಬೇಕು ಇಲ್ಲವೇ ಕಾಲೊನಿ ಎಣಿಸಬೇಕು. ಮತ್ತೊಂದು ಮಾತು: ಒಂದೇ ಪ್ಲೇಟಿನ ಮೂರು ವೆಲ್ ಅಂದರೆ ಎನ್ (ಪ್ರಯೋಗಗಳ ಸಂಖ್ಯೆ) ಮೂರಾಗುವುದಿಲ್ಲ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ (ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ ಸರದಿಯ) ಕೋಶದಲ್ಲಿ ಮೂರು ಸಲ ಮಾಡಿದರೆ ಮಾತ್ರ ಎನ್ ಮೂರು.

ಪ್ರಾಣಿಗಳ ಮೇಲಿನ ಕೆಲಸದ ಬಗ್ಗೆ ಇಷ್ಟು ಸಾಕು: ಪ್ಲೇಟಿನಲ್ಲಿ ನಿಲ್ಲದ ವಸ್ತುವನ್ನು ಇಲಿಗೆ ಕೊಡಬೇಡಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಒಂದು ಇಲಿಯನ್ನೂ ತರಬೇಡಿ. ಎರ್ಲಿಕ್ ಅಸೈಟಿಸ್ (ಹೊಟ್ಟೆಯಲ್ಲಿ ನೀರು ತುಂಬುವ ಕ್ಯಾನ್ಸರ್) ಮಾದರಿಯಲ್ಲಿ ಇಲಿಯ ಹೊಟ್ಟೆಯೊಳಗೆ 10 ಲಕ್ಷ ಕೋಶ ಕೊಡುವುದು ರೂಢಿ, ಅಲ್ಲಿ ತೂಕ ಏರುವುದು ರೋಗದ ನೀರಿನಿಂದ ಎಂಬುದು ನೆನಪಿರಲಿ. ಸಾಯುವವರೆಗೆ ಕಾಯುವುದನ್ನು ಗುರಿಯಾಗಿ ಬರೆಯಬೇಡಿ, ಯಾವ ಲಕ್ಷಣ ಕಂಡಾಗ ದಯಾಮರಣ ಎಂಬುದನ್ನು ಮೊದಲೇ ನಮೂದಿಸಿ. ಅಳೆಯುವವರಿಗೆ ಯಾವ ಪಂಜರಕ್ಕೆ ಏನು ಕೊಟ್ಟಿದೆ ಎಂದು ಗೊತ್ತಿರಬಾರದು.

ಲ್ಯಾಬ್ ಇಲ್ಲದವರಿಗೆ ವಾರ್ಡು

ಬಹುಪಾಲು ಕಾಲೇಜುಗಳಲ್ಲಿ ಸೆಲ್ ಕಲ್ಚರ್ ಇಲ್ಲ, ವಾರ್ಡು ಇದೆ. ಔಷಧದ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸಾಮಾನ್ಯವಾಗಿ ಫಾರ್ಮಕಾಲಜಿ ವಿಭಾಗದಲ್ಲೇ ಇರುತ್ತದೆ. ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗದ ಫಾರಂ ತುಂಬುವುದು ನಿಮ್ಮದೇ ಕೆಲಸ. ಅದನ್ನೇ ಸಂಶೋಧನೆಯಾಗಿ ಬೆಳೆಸಬಹುದು, ಆದರೆ ಎರಡು ಕಡೆ ಎಚ್ಚರ ಬೇಕು. "ನೂರು ಅಡ್ಡಪರಿಣಾಮ ಕಂಡೆವು, ಅದರಲ್ಲಿ ವಾಂತಿ ಹೆಚ್ಚು" ಎಂಬ ವರದಿಯಲ್ಲಿ ಅಂಶ ಇದೆ, ಛೇದ ಇಲ್ಲ. ಎಷ್ಟು ರೋಗಿಗಳ ಎಷ್ಟು ಸೈಕಲ್ ನೋಡಿದಿರಿ ಎಂಬ ಲೆಕ್ಕವನ್ನು ಮೊದಲ ದಿನದಿಂದ ಇಡಿ. ಎರಡನೆಯದು ನರಾಂಜೊ ಅಂಕ, ಅಂದರೆ ಅಡ್ಡಪರಿಣಾಮಕ್ಕೆ ಆ ಔಷಧವೇ ಕಾರಣವೇ ಎಂದು ತೂಗುವ ಅಂಕ. ಒಂದೇ ದಿನ ಮೂರ್ನಾಲ್ಕು ಔಷಧ ಹೋಗುವ ಕೀಮೋದಲ್ಲಿ ಮತ್ತೆ ಕೊಟ್ಟು ನೋಡುವುದು, ಪ್ಲಸೀಬೊ ಇವಕ್ಕೆಲ್ಲ ಅವಕಾಶ ಕಡಿಮೆ, ಹಾಗಾಗಿ ಅಂಕ ಕೆಳಗೇ ಉಳಿಯುತ್ತದೆ. ಕಾರಣದ ಅಂಕಕ್ಕಿಂತ ತೀವ್ರತೆಯ ಶ್ರೇಣಿ, ತಡೆಯಬಹುದಿತ್ತೇ ಎಂಬುದು, ಮುಂದಿನ ಸೈಕಲ್ ಎಷ್ಟು ದಿನ ತಡವಾಯಿತು ಎಂಬುದು, ಇವು ಆಂಕಾಲಜಿಯವರಿಗೆ ಬೇಕಾದ ಮಾಹಿತಿ.

ಡೋಸ್ ಲೆಕ್ಕ ಇನ್ನೂ ಒಳ್ಳೆಯ ಗಣಿ. ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಕ್ಯಾಲ್ವರ್ಟ್ ಸೂತ್ರದಂತೆ ಡೋಸ್ ಅಂದರೆ ಗುರಿಯ ಎಯುಸಿಯನ್ನು (ರಕ್ತದಲ್ಲಿ ಔಷಧ ಒಟ್ಟು ಎಷ್ಟು ಇರಬೇಕೆಂಬ ಅಳತೆ), ಜಿಎಫ್‌ಆರ್‌ಗೆ (ಮೂತ್ರಪಿಂಡ ನಿಮಿಷಕ್ಕೆ ಸೋಸುವ ಪ್ರಮಾಣ) 25 ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸುವುದು. 60 ವರ್ಷದ ಹೆಂಗಸು, 150 ಸೆಂ.ಮೀ. ಎತ್ತರ, 54 ಕೆ.ಜಿ., ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ, ಸ್ನಾಯುವಿನ ತ್ಯಾಜ್ಯ) 0.9. ಜಿಎಫ್‌ಆರ್ ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದ ಪ್ರಕಾರ 140ರಲ್ಲಿ 60 ಕಳೆದು 54ರಿಂದ ಗುಣಿಸಿ, 72 ಮತ್ತು 0.9ರ ಗುಣಲಬ್ಧದಿಂದ ಭಾಗಿಸಿದರೆ 66.7. ಹೆಂಗಸಾದ್ದರಿಂದ 0.85ರಿಂದ ಗುಣಿಸಿ 56.7. ಎಯುಸಿ 5 ಆದರೆ ಡೋಸ್ 408 ಮಿಲಿಗ್ರಾಂ.

ಅದೇ ಹೆಂಗಸಿನ ಕ್ರಿಯಾಟಿನಿನ್ 0.4 ಬಂದರೆ? ಸೊರಗಿದ, ಸ್ನಾಯು ಕರಗಿದ ರೋಗಿಗಳಲ್ಲಿ ಇದು ಅಪರೂಪವಲ್ಲ. ಸೂತ್ರ 127.5 ಎನ್ನುತ್ತದೆ. ಗರಿಷ್ಠ 125ಕ್ಕೆ ನಿಲ್ಲಿಸಿದರೂ ಡೋಸ್ 750 ಮಿಲಿಗ್ರಾಂ. ಮೂತ್ರಪಿಂಡ ಚುರುಕಾಗಿಲ್ಲ, ಸ್ನಾಯು ಕಡಿಮೆಯಾಗಿ ಕ್ರಿಯಾಟಿನಿನ್ ತಯಾರಿಯೇ ಇಳಿದಿದೆ ಅಷ್ಟೆ. ಕ್ರಿಯಾಟಿನಿನ್ ಕನಿಷ್ಠ 0.7 ಎಂದು ಹಿಡಿಯುವ ಪದ್ಧತಿ ಪಾಲಿಸಿದರೆ ಡೋಸ್ 489ಕ್ಕೆ ಇಳಿಯುತ್ತದೆ. ಈ ಅಂತರದ ಬೆಲೆ ಸುಮಾರು ಮೂರನೇ ವಾರದಲ್ಲಿ ಪ್ಲೇಟ್‌ಲೆಟ್ ಕುಸಿದಾಗ ಗೊತ್ತಾಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಕಳೆದ ಎರಡು ವರ್ಷದಲ್ಲಿ ಕ್ರಿಯಾಟಿನಿನ್ 0.7ಕ್ಕಿಂತ ಕಡಿಮೆ ಇದ್ದವರಿಗೆ ಯಾವ ಡೋಸ್ ಹೋಯಿತು, 0.7ರ ಮೇಲಿದ್ದವರಿಗೆ ಹೋಲಿಸಿದರೆ ಪ್ಲೇಟ್‌ಲೆಟ್ ಎಷ್ಟು ಇಳಿಯಿತು? ಮಾನವ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಕೇಸ್ ಶೀಟ್ ನೋಡಿದರೆ ಉತ್ತರ ಸಿಗುವ, ಖರ್ಚಿಲ್ಲದ, ನಿಜವಾಗಿ ಬೇಕಾದ ಸಂಶೋಧನೆ ಇದು.

ಅದೇ ಲೆಕ್ಕ ಕ್ಲಾಸಿಗೆ

ಎಂಬಿಬಿಎಸ್ ಎರಡನೇ ವರ್ಷದವರಿಗೆ ಕ್ಯಾನ್ಸರ್ ಔಷಧಗಳ ಪಾಠ ಎಂದರೆ ಪಟ್ಟಿ ಬಾಯಿಪಾಠ ಎಂದಾಗಿಹೋಗಿದೆ. ಪಟ್ಟಿ ಬಿಟ್ಟು ಮೇಲಿನ ಹೆಂಗಸಿನ ಕೇಸನ್ನು ಕೊಡಿ. ನಾಲ್ಕು ಉತ್ತರ ಇಡಿ: 408, 458, 283, 612. ತಪ್ಪು ಉತ್ತರ ಒಂದೊಂದನ್ನೂ ಒಂದೊಂದು ತಪ್ಪಿನಿಂದಲೇ ಹುಟ್ಟಿಸಲಾಗಿದೆ. 458 ಗುರುತಿಸಿದವರು 0.85 ಮರೆತಿದ್ದಾರೆ. 283 ಎಂದವರು 25 ಕೂಡಿಸಿಲ್ಲ. 612 ಎಂದವರು ಬಂದ ಡೋಸನ್ನು ಮತ್ತೆ ದೇಹದ ಮೇಲ್ಮೈ 1.5 ಚದರ ಮೀಟರಿನಿಂದ ಗುಣಿಸಿದ್ದಾರೆ, ಅಂದರೆ ಕಾರ್ಬೋಪ್ಲಾಟಿನ್ ಉಳಿದ ಕೀಮೋ ಔಷಧಗಳ ಹಾಗಲ್ಲ ಎಂಬುದೇ ಅವರಿಗೆ ಮುಟ್ಟಿಲ್ಲ. ಮರುದಿನ ಏನು ಪಾಠ ಮಾಡಬೇಕೆಂದು ಉತ್ತರ ಪತ್ರಿಕೆಯೇ ಹೇಳುತ್ತದೆ.

ಪ್ರಶ್ನೆಯ ಗುಣ ಅಳೆಯುವುದೂ ಕಷ್ಟವಲ್ಲ. 150 ಜನರ ಬ್ಯಾಚಿನಲ್ಲಿ ಒಟ್ಟು ಅಂಕದ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ತೆಗೆದುಕೊಳ್ಳಿ, ತಲಾ 40 ಜನ. ಮೇಲಿನವರಲ್ಲಿ 32, ಕೆಳಗಿನವರಲ್ಲಿ 12 ಜನ ಸರಿ ಉತ್ತರಿಸಿದರೆ ಕಠಿಣತೆಯ ಸೂಚ್ಯಂಕ 44ನ್ನು 80ರಿಂದ ಭಾಗಿಸಿ 0.55, ಭೇದದ ಸೂಚ್ಯಂಕ 20ನ್ನು 40ರಿಂದ ಭಾಗಿಸಿ 0.5. ಭೇದ 0.2ಕ್ಕಿಂತ ಕೆಳಗಿದ್ದರೆ ಪ್ರಶ್ನೆ ತಿದ್ದಿ. ಮೈನಸ್ ಬಂದರೆ ಮೊದಲು ಉತ್ತರದ ಕೀ ನೋಡಿ, ಹಲವು ಸಲ ತಪ್ಪು ಅಲ್ಲೇ ಇರುತ್ತದೆ. ಶೇ. 5ಕ್ಕಿಂತ ಕಡಿಮೆ ಜನ ಆರಿಸಿದ ತಪ್ಪು ಉತ್ತರ ಜಾಗ ದಂಡ, ಬದಲಿಸಿ.

ಶಿಕ್ಷಣದ ಸಂಶೋಧನೆಯಲ್ಲಿ ಎದ್ದು ಕಾಣುವ ದೋಷ ಒಂದಿದೆ. ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಪಾಠ ಆದ ಕೂಡಲೇ ಅದೇ ಪರೀಕ್ಷೆ, ಅಂಕ ಏರಿತು, ನಮ್ಮ ಹೊಸ ವಿಧಾನ ಯಶಸ್ವಿ. ಯಾವ ವಿಧಾನದಲ್ಲಿ ಪಾಠ ಮಾಡಿದರೂ ಆ ಗಂಟೆಯಲ್ಲಿ ಅಂಕ ಏರುತ್ತದೆ. ಬ್ಯಾಚನ್ನು ಚೀಟಿ ಎತ್ತಿ ಎರಡು ಮಾಡಿ, ಒಂದಕ್ಕೆ ಕೇಸು, ಇನ್ನೊಂದಕ್ಕೆ ಎಂದಿನ ಉಪನ್ಯಾಸ, ಅಷ್ಟೇ ಸಮಯ ಕೊಡಿ. ಆರು ವಾರ ಬಿಟ್ಟು ಹೇಳದೆ ಪರೀಕ್ಷಿಸಿ, ಬೇರೆ ರೋಗಿಯ ಲೆಕ್ಕ ಕೊಡಿ. ಆಮೇಲೆ ಎರಡು ಗುಂಪಿನ ಪಾಠ ಅದಲುಬದಲು ಮಾಡಿ, ಯಾರಿಗೂ ನಷ್ಟ ಆಗಬಾರದು. ಒಪ್ಪಿಗೆ ಪತ್ರವನ್ನು ಇಂಟರ್ನಲ್ಸ್ ಅಂಕ ಹಾಕುವ ನೀವೇ ತೆಗೆದುಕೊಳ್ಳಬೇಡಿ, ಬೇರೆ ವಿಭಾಗದವರಿಂದ ತೆಗೆಸಿ. ನಿಮ್ಮೆದುರು "ಆಗೋದಿಲ್ಲ ಸರ್" ಎಂದು ಹೇಳುವ ಧೈರ್ಯ ಯಾವ ವಿದ್ಯಾರ್ಥಿಗೂ ಇರುವುದಿಲ್ಲ.

ಕ್ಲಾಸಿನಲ್ಲಿ ಎರಡು ಅಪಾಯಗಳಿಗೆ ಸಮಯ ಎಷ್ಟಾದರೂ ಕೊಡಿ. ವಿನ್‌ಕ್ರಿಸ್ಟಿನ್ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ, ಆದ್ದರಿಂದ ಅದನ್ನು ಸಿರಿಂಜಿನಲ್ಲಿ ತುಂಬಿಡದೆ ಸಣ್ಣ ಸೆಲೈನ್ ಬ್ಯಾಗಿನಲ್ಲಿ ಕೊಡುವುದು ಸುರಕ್ಷಿತ. ಮೆಥೊಟ್ರೆಕ್ಸೇಟ್ ಮಾತ್ರೆ ಸಂಧಿವಾತಕ್ಕೆ ವಾರಕ್ಕೊಮ್ಮೆ, ಚೀಟಿಯಲ್ಲಿ ವಾರದ ಹೆಸರು ಬರೆಯದಿದ್ದರೆ ರೋಗಿ ದಿನಾ ನುಂಗುತ್ತಾರೆ. ವಿದ್ಯಾರ್ಥಿಗಳ ಕೈಯಲ್ಲಿ ಆ ಚೀಟಿಯನ್ನು ಕನ್ನಡದಲ್ಲಿ ಬರೆಸಿ: "ಪ್ರತಿ ಸೋಮವಾರ ಮಾತ್ರ." ಬರೆದದ್ದನ್ನು ಪಕ್ಕದವರಿಗೆ ಕೊಟ್ಟು ಓದಿಸಿ.

ಹಣ, ಪೇಪರ್, ಹಸ್ತಾಂತರ

ಮೊದಲ ಅನುದಾನಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಆಮೇಲೆ ಐಸಿಎಂಆರ್‌ಗೆ ಅರ್ಜಿ ಹಾಕಿ. ಎಂಬಿಬಿಎಸ್ ಹುಡುಗರಿಗೆ ಐಸಿಎಂಆರ್ ಕೊಡುವ ಎರಡು ತಿಂಗಳ ವಿದ್ಯಾರ್ಥಿವೇತನದ ಪ್ರಾಜೆಕ್ಟ್ ನಿಮ್ಮ ಪ್ರಶ್ನೆಯ ಪೈಲಟ್ ಆಗಬಹುದು. ಮೂರು ದಿನದಲ್ಲಿ ಒಪ್ಪಿಗೆ ಕೊಟ್ಟು ಹಣ ಕೇಳುವ ಜರ್ನಲ್‌ಗೆ ಕಳಿಸಬೇಡಿ, ಆ ಪೇಪರ್ ಮುಂದೆ ನಿಮ್ಮ ಹೆಸರಿಗೇ ಅಂಟಿಕೊಂಡಿರುತ್ತದೆ. ಎಂಟಿಟಿಯಲ್ಲಿ ಏನೂ ಕೊಲ್ಲದ ಸಾರದ ಫಲಿತಾಂಶವನ್ನೂ ಪ್ರಕಟಿಸಿ, ಇನ್ನೊಂದು ಊರಿನ ಪಿಜಿಯ ಒಂದು ವರ್ಷ ಉಳಿಯುತ್ತದೆ.

ಪಿಜಿಗಳು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ, ಕೈಕೆಲಸವೂ ಅವರ ಜೊತೆ ಹೊರಟುಹೋಗುತ್ತದೆ. ಥೀಸಿಸ್‌ಗೆ ಸಹಿ ಹಾಕುವ ಮುನ್ನ ಗೈಡ್ ಆಗಿ ನಾಲ್ಕು ವಸ್ತು ಕೈಗೆ ಪಡೆಯಿರಿ: ಪುಟ ಸಂಖ್ಯೆ ಹಾಕಿದ ಲ್ಯಾಬ್ ಪುಸ್ತಕ, ಪ್ಲೇಟ್ ರೀಡರಿನ ಮೂಲ ಫೈಲುಗಳು, ಯಾವ ವಯಲ್ ಲಿಕ್ವಿಡ್ ನೈಟ್ರೋಜನ್ನಿನ ಯಾವ ಡಬ್ಬಿಯ ಎಷ್ಟನೇ ಮನೆಯಲ್ಲಿದೆ ಎಂಬ ರಿಜಿಸ್ಟರು, ಮತ್ತು ಅವರೇ ಬರೆದ ವಿಧಾನದ ಒಂದು ಪ್ರತಿ. ಆ ಪ್ರತಿಯನ್ನು ಮುಂದಿನ ಬ್ಯಾಚಿನ ಮೊದಲ ವರ್ಷದ ಪಿಜಿಗೆ ಕೊಟ್ಟು, ಯಾರ ಸಹಾಯವೂ ಇಲ್ಲದೆ ಒಂದು ಸಿಸ್‌ಪ್ಲಾಟಿನ್ ಪ್ಲೇಟ್ ಮಾಡಿಸಿ. ಹಳೆಯ ಐಸಿ50ಗೆ ಹತ್ತಿರದ ಸಂಖ್ಯೆ ಬಂದರೆ ಸಹಿ ಹಾಕಿ. ಬರದಿದ್ದರೆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಮತ್ತೊಮ್ಮೆ ಮಾಡಿಸಿ.